ಸೆಕೆಯ ಊರು: ದುಬೈ ಬೇಸಿಗೆಯನ್ನು ಮಾರಲು ಕಲಿತದ್ದು ಹೇಗೆ?

ಮಾರ್ಚ್ ಮುಗಿಯುವ ಹೊತ್ತಿಗೆ ಉಡುಪಿ, ಮಂಗಳೂರು, ಭಟ್ಕಳದ ಟ್ರಾವೆಲ್ ಆಫೀಸುಗಳ ಗಾಜಿನ ಮೇಲೆ ಹೊಸ ಪೋಸ್ಟರ್ ಅಂಟಿಕೊಳ್ಳುತ್ತದೆ. ದುಬೈ, ನಾಲ್ಕು ರಾತ್ರಿ ಐದು ಹಗಲು, ಬೆಳಗಿನ ತಿಂಡಿ ಉಚಿತ, ಮಕ್ಕಳಿಗೆ ರೂಮು ಉಚಿತ. ಮೇ, ಜೂನ್ ಬಂದಂತೆ ದರ ಇನ್ನೂ ಇಳಿಯುತ್ತದೆ. ಚಳಿಗಾಲದಲ್ಲಿ ಕೈಗೆಟುಕದ ಹೋಟೆಲಿನ ಕೋಣೆ ಜುಲೈಯಲ್ಲಿ ಎಷ್ಟೋ ಕಡಿಮೆಗೆ ಸಿಗುತ್ತದೆ.

ನಮ್ಮ ಬಳಗದ ಒಬ್ಬರ ಅಣ್ಣ ದೇರಾದ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದಾರೆ. ಇಂಥದೇ ಪೋಸ್ಟರಿನ ಫೋಟೋ ಕಳಿಸಿ, ಅಪ್ಪ ಅಮ್ಮನನ್ನು ಒಮ್ಮೆ ಕರೆಸಿಕೊಳ್ಳಬಹುದಲ್ಲಾ ಎಂದು ಕೇಳಿದಾಗ ಅವರು ನಕ್ಕರಂತೆ. ಬರುವವರಿಗೆ ಕೋಣೆ ಅಗ್ಗವಾಗುವ ತಿಂಗಳಲ್ಲೇ ಇಲ್ಲಿಂದ ಊರಿಗೆ ಹೋಗುವವರ ಟಿಕೆಟ್ ಗಗನಕ್ಕೇರುತ್ತದೆ, ನಮಗೆ ರಜೆ ಕೊಡುವುದೂ ಆಗಲೇ ಎಂದರಂತೆ.

ಈ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಜುಲೈಯಲ್ಲಿ ನಲವತ್ತು ಡಿಗ್ರಿ ದಾಟುವ, ಕಡಲ ಆವಿ ಮೈಗೆ ಅಂಟುವ ಊರಿಗೆ ಜನ ಯಾಕೆ ರಜೆ ಕಳೆಯಲು ಹೋಗುತ್ತಾರೆ? ಅದನ್ನು ಮಾರಬಹುದು ಎಂದು ಯಾರಿಗೆ ಹೊಳೆಯಿತು? ಹಳೆಯ ಕಾಲದಲ್ಲಿ ಅಲ್ಲಿಯ ಜನ ಬೇಸಿಗೆಯಲ್ಲಿ ಏನು ಮಾಡುತ್ತಿದ್ದರು? ಹುಡುಕುತ್ತಾ ಹೋದಾಗ ನಮಗೆ ಸಿಕ್ಕ ಕಥೆ ಇದು. ಮೊದಲು ಚರಿತ್ರೆ, ಹೋಗುವವರಿಗೆ ಬೇಕಾದ ನಾಲ್ಕು ಮಾತು ಕೊನೆಗೆ.

ಮುತ್ತಿನ ಬೇಸಿಗೆ

ದುಬೈಗೆ ಬೇಸಿಗೆ ಎಂದೂ ಬಿಡುವಿನ ಕಾಲ ಆಗಿರಲಿಲ್ಲ. ನೂರು ವರ್ಷದ ಹಿಂದೆ ಅದು ವರ್ಷದ ಅತಿ ಕಷ್ಟದ ದುಡಿಮೆಯ ಕಾಲ.

ಜೂನ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಕಡಲು ಮುಚ್ಚುತ್ತದೆ. ಈಗ ಸರಕಾರವೇ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆ ನಿಷೇಧಿಸುತ್ತದೆ. ಹಿಂದೆ ಸರಕಾರದ ಆದೇಶ ಬೇಕಿರಲಿಲ್ಲ, ಮಳೆಗಾಲದ ಗಾಳಿಯೇ ಆದೇಶ. ಮಂಜಿಗಳನ್ನು ದಡಕ್ಕೆ ಎಳೆದು ಮಡಲು ಹೊದಿಸಿದರೆ ಮತ್ತೆ ನೀರಿಗಿಳಿಸುವುದು ಮಳೆ ಇಳಿದ ಮೇಲೆಯೇ. ಇದೇ ಗಾಳಿ ಅರಬ್ಬೀ ಸಮುದ್ರದ ಆಚೆ ದಡದ ಹಡಗುಗಳನ್ನೂ ಕಟ್ಟಿಹಾಕುತ್ತಿತ್ತು. ಚಳಿಗಾಲದಲ್ಲಿ ಭಾರತಕ್ಕೂ ಆಫ್ರಿಕಾಕ್ಕೂ ಹೋಗಿ ಬರುತ್ತಿದ್ದ ಅರಬ್ಬರ ಹಾಯಿಹಡಗುಗಳಿಗೆ ಆ ತಿಂಗಳುಗಳಲ್ಲಿ ದೂರದ ವ್ಯಾಪಾರ ಇಲ್ಲ. ಆದರೆ ಕೊಲ್ಲಿಯ ಒಳಗಿನ ನೀರು ಆಗ ಬೆಚ್ಚಗೆ, ಹೆಚ್ಚುಕಡಿಮೆ ಶಾಂತವಾಗಿ ಇರುತ್ತಿತ್ತು. ಮುತ್ತಿನ ಚಿಪ್ಪಿಗಾಗಿ ಮುಳುಗಲು ಅದೇ ತಕ್ಕ ಕಾಲ.

ಜೂನ್ ಸುಮಾರಿಗೆ ಹೊರಟ ದೋಣಿಗಳು ಸೆಪ್ಟೆಂಬರ್ ಕೊನೆಗೆ ಮರಳುತ್ತಿದ್ದವು. ಅರಬ್ಬಿಯಲ್ಲಿ ಇದಕ್ಕೆ 'ದೊಡ್ಡ ಮುಳುಗು' ಎಂಬ ಅರ್ಥದ ಹೆಸರೇ ಇತ್ತು. ನಾಲ್ಕು ತಿಂಗಳು ನೀರಿನ ಮೇಲೆಯೇ ವಾಸ. ಮುಳುಗುವವನು ಮೂಗಿಗೆ ಆಮೆಯ ಚಿಪ್ಪಿನ ಅಥವಾ ಎಲುಬಿನ ಚಿಮಟ ಹಾಕಿಕೊಂಡು, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು, ಕೊರಳಿಗೆ ಬಲೆಯ ಚೀಲ ನೇತುಹಾಕಿ ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿದವನ ಕೈಯಲ್ಲಿ ಅವನ ಜೀವ. ಉಸಿರು ಕಟ್ಟುವ ಮೊದಲು ಹಗ್ಗ ಜಗ್ಗಿದರೆ ಮೇಲಿನವನು ಎಳೆಯಬೇಕು. ಇಂಥ ಮುಳುಗು ದಿನಕ್ಕೆ ಐವತ್ತೂ ಆಗಬಹುದು, ಇನ್ನೂ ಹೆಚ್ಚೂ ಆಗಬಹುದು. ಹಗಲು ಖರ್ಜೂರ, ಕಾಫಿ. ರಾತ್ರಿ ಅನ್ನ, ಮೀನು. ಆ ಅಕ್ಕಿ ಬರುತ್ತಿದ್ದದ್ದು ಭಾರತದ ಬಂದರುಗಳಿಂದ.

ಬ್ರಿಟಿಷ್ ಇಂಡಿಯಾ ಸರಕಾರಕ್ಕಾಗಿ ಲೋರಿಮರ್ ಎಂಬ ಅಧಿಕಾರಿ 20ನೇ ಶತಮಾನದ ಆರಂಭದಲ್ಲಿ ಸಿದ್ಧಪಡಿಸಿದ ಗೆಝೆಟಿಯರಿನ ಲೆಕ್ಕದಂತೆ, ಇಂದಿನ ಎಮಿರೇಟ್ಸ್ ಇರುವ ಕರಾವಳಿಯಿಂದ 1,200ಕ್ಕೂ ಹೆಚ್ಚು ದೋಣಿಗಳು, ಸುಮಾರು 22,000 ಗಂಡಸರು ಮುತ್ತಿನ ಕಸುಬಿಗೆ ಹೋಗುತ್ತಿದ್ದರು. ಅಷ್ಟು ವಿರಳ ಜನವಸತಿಯ ನಾಡಿನಲ್ಲಿ ಇದರ ಅರ್ಥ ಏನೆಂದರೆ, ಬೇಸಿಗೆಯಲ್ಲಿ ಊರಿನಲ್ಲಿ ದುಡಿಯುವ ಪ್ರಾಯದ ಗಂಡಸರೇ ಕಾಣುತ್ತಿರಲಿಲ್ಲ.

ದುಡಿಮೆಯ ಲೆಕ್ಕ ಸಾಲದ ಮೇಲೆ ನಿಂತಿತ್ತು. ಹೊರಡುವ ಮೊದಲು ಮನೆಯವರ ಊಟಕ್ಕೆಂದು ನಾಖುದಾನಿಂದ ಮುಂಗಡ, ಸೀಸನ್ ಮುಗಿದ ಮೇಲೆ ಪಾಲು. ನಾಖುದಾನಿಗೆ ವ್ಯಾಪಾರಿಯ ಸಾಲ, ಆ ವ್ಯಾಪಾರಿಗೆ ಇನ್ನೂ ದೊಡ್ಡ ವ್ಯಾಪಾರಿಯ ಸಾಲ. ಮುತ್ತು ಕೊನೆಗೆ ತಲುಪುತ್ತಿದ್ದದ್ದು ಮುಂಬಯಿಗೆ. ಪಾಲಿಗಿಂತ ಮುಂಗಡವೇ ಹೆಚ್ಚಾದರೆ ಮುಂದಿನ ಬೇಸಿಗೆಯೂ ಅದೇ ದೋಣಿ. ಸತ್ತವನ ಸಾಲ ಮಗನ ಹೆಗಲಿಗೆ ಬೀಳುವುದೂ ಇತ್ತು. ಮುಳುಗುವವರಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರೂ ಇದ್ದರು.

ವೀಸಾಕ್ಕೆ ಸಾಲ ಮಾಡಿ ಹೋಗಿ, ಮೊದಲ ಎರಡು ವರ್ಷದ ದುಡಿಮೆಯನ್ನು ಆ ಸಾಲಕ್ಕೇ ಕಟ್ಟಿದವರ ಮನೆಗಳು ನಮ್ಮ ಊರುಗಳಲ್ಲಿವೆ. ಅವರ ಮನೆಯ ಮಕ್ಕಳಾಗಿ ಇದನ್ನು ಓದುವಾಗ ನಮಗೆ ಇದು ದೂರದ ಕಥೆ ಅನ್ನಿಸಲಿಲ್ಲ.

ಉಳಿದವರು ತೋಟಕ್ಕೆ

ಗಂಡಸರು ಕಡಲಿಗೆ ಹೋದರೆ ಹೆಂಗಸರು, ಮಕ್ಕಳು, ಮುದುಕರು? ಅನುಕೂಲ ಇದ್ದವರು ಊರು ಬಿಡುತ್ತಿದ್ದರು. ಕರಾವಳಿಯ ಜಿಗುಟು ಸೆಕೆಗಿಂತ ಒಳನಾಡಿನ ಒಣ ಬಿಸಿ ಮೇಲು, ಅದಕ್ಕಿಂತ ಹೆಚ್ಚಾಗಿ ಅಲ್ಲಿ ನೀರಿತ್ತು, ನೆರಳಿತ್ತು. ಇಂದಿನ ಅಲ್ ಐನ್ ಇರುವ ಬುರೈಮಿ ಓಯಸಿಸ್, ಬೆಟ್ಟದ ಬುಡದ ಹತ್ತಾ, ಉತ್ತರದ ರಾಸ್ ಅಲ್ ಖೈಮಾ, ಇಲ್ಲೆಲ್ಲ ಖರ್ಜೂರದ ತೋಟಗಳು. ಖರ್ಜೂರ ಹಣ್ಣಾಗುವುದೂ ಕಡುಬೇಸಿಗೆಯಲ್ಲೇ. ಒಂಟೆಗಳ ಮೇಲೆ ಹಾಸಿಗೆ, ಪಾತ್ರೆ, ಮಕ್ಕಳನ್ನು ಹೇರಿಕೊಂಡು, ಸೆಕೆ ತಪ್ಪಿಸಲು ರಾತ್ರಿ ಹೊತ್ತು ನಡೆದು, ಹಲವು ದಿನಗಳ ದಾರಿ ಸವೆಸಿ ಅಲ್ಲಿ ಸೇರುತ್ತಿದ್ದರು. ಹಸಿ ಖರ್ಜೂರ ತಿಂದು, ವರ್ಷಕ್ಕೆ ಬೇಕಾದ್ದನ್ನು ಒಣಗಿಸಿ ಕಟ್ಟಿಕೊಂಡು, ಮುತ್ತಿನ ದೋಣಿಗಳು ಮರಳುವ ಹೊತ್ತಿಗೆ ಊರಿಗೆ ಬರುತ್ತಿದ್ದರು.

ಅಷ್ಟು ದೂರ ಹೋಗಲಾಗದವರು ಊರಿನ ಹೊರವಲಯದಲ್ಲಿ ಕಡಲ ಗಾಳಿಗೆ ತೆರೆದ ಜಾಗಗಳಲ್ಲಿ ಖರ್ಜೂರದ ಗರಿಯ ಮನೆ ಕಟ್ಟಿಕೊಳ್ಳುತ್ತಿದ್ದರು. ಇಂದು ಬಂಗಲೆ, ಬೀಚ್, ದುಬಾರಿ ಹೋಟೆಲುಗಳಿಗೆ ಹೆಸರಾದ ಜುಮೇರಾ ಆಗ ಇಂಥ ಗರಿ ಮನೆಗಳ, ಮೀನುಗಾರರ ನೆಲೆ. ಅರೀಶ್ ಎಂದು ಕರೆಯುವ ಈ ಮನೆಗಳ ಗೋಡೆಯೂ ಗರಿ, ಮಾಡೂ ಗರಿ. ಗರಿಗಳ ಸಂದಿಯಿಂದ ಗಾಳಿ ಆಡುತ್ತದೆ. ತೆಂಗಿನ ಮಡಲಿನ ಬಿಡಾರದಲ್ಲಿ ಮಧ್ಯಾಹ್ನ ಮಲಗಿ ಗೊತ್ತಿರುವ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ.

ಹೀಗೆ ನೂರು ವರ್ಷದ ಹಿಂದಿನ ದುಬೈಯಲ್ಲಿ ಬೇಸಿಗೆ ಎಂದರೆ ಹೊರಡುವ ಕಾಲ. ಬಡವ ಕಡಲಿಗೆ, ಉಳ್ಳವನು ತೋಟಕ್ಕೆ. ಬರುವವರು ಯಾರೂ ಇರಲಿಲ್ಲ.

ಗಾಳಿ ಹಿಡಿಯುವ ಗೋಪುರ

ಊರಿನಲ್ಲೇ ಉಳಿದು ಬೇಸಿಗೆಯನ್ನು ಎದುರಿಸುವ ಉಪಾಯ ಬಂದದ್ದು ಆಚೆ ದಡದ ವ್ಯಾಪಾರಿಗಳಿಂದ. 1894ರಲ್ಲಿ ದುಬೈಯ ಆಡಳಿತಗಾರ ಶೇಖ್ ಮಕ್ತೂಮ್ ಬಿನ್ ಹಶರ್ ಹೊರಗಿನ ವ್ಯಾಪಾರಿಗಳಿಗೆ ಸುಂಕ ವಿನಾಯಿತಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಪರ್ಷಿಯಾ ತನ್ನ ಲಿಂಗಾ ಬಂದರಿನಲ್ಲಿ ಸುಂಕ ಬಿಗಿ ಮಾಡಿತು. ಲಿಂಗಾದ ವ್ಯಾಪಾರಿಗಳು ಕುಟುಂಬ ಸಮೇತ ಕೊಲ್ಲಿ ದಾಟಿ ದುಬೈಗೆ ಬಂದರು. ಅವರಲ್ಲಿ ಬಸ್ತಕ್ ಎಂಬ ಪ್ರದೇಶದವರು ಖೋರ್, ಅಂದರೆ ಊರಿನೊಳಗೆ ಚಾಚಿದ ಕಡಲ ಹಿನ್ನೀರಿನ ಬದಿಯಲ್ಲಿ ಕಟ್ಟಿದ ಕೇರಿಯೇ ಬಸ್ತಕಿಯಾ. ಈಗ ಅದನ್ನು ಅಲ್ ಫಾಹಿದಿ ಎಂದು ಕರೆಯುತ್ತಾರೆ.

ಈ ಮನೆಗಳ ಗೋಡೆ ಹವಳದ ಕಲ್ಲಿನದು. ಮಾಡಿನ ಮೇಲೆ ಚೌಕಾಕಾರದ ಗೋಪುರ, ಅದರ ಹೆಸರು ಬರ್ಜೀಲ್. ನಾಲ್ಕೂ ಬದಿ ತೆರೆದ ಗೋಪುರದ ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೋಡೆಗಳಿರುತ್ತವೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಆ ಬದಿಯ ಗೋಡೆಗೆ ತಾಗಿ ಕೆಳಗಿನ ಕೋಣೆಗೆ ಇಳಿಯುತ್ತದೆ, ಕೋಣೆಯ ಬಿಸಿಗಾಳಿ ಇನ್ನೊಂದು ಬದಿಯಿಂದ ಮೇಲೇರಿ ಹೊರಗೆ ಹೋಗುತ್ತದೆ. ಕರೆಂಟಿಲ್ಲದ ಕಾಲದ ಎಸಿ. ಗೋಪುರದ ಎತ್ತರ, ಅಲಂಕಾರ ನೋಡಿ ಮನೆಯವನ ಸಿರಿತನ ಅಳೆಯಬಹುದಿತ್ತು. ತಂಪು ಗಾಳಿ ಆಗಲೂ ದುಡ್ಡಿದ್ದವರ ಸೊತ್ತು.

ಎಸಿ ಬಂದ ಮೇಲೆ ಈ ಗೋಪುರಗಳಿಗೆ ಬೆಲೆ ಇಲ್ಲವಾಯಿತು. 1980ರ ದಶಕದಲ್ಲಿ ಬಸ್ತಕಿಯಾದ ಒಂದು ಭಾಗವನ್ನು ಕೆಡವಲಾಯಿತು. ಉಳಿದದ್ದನ್ನು ಉಳಿಸಬೇಕೆಂಬ ಕೂಗಿಗೆ 1989ರಲ್ಲಿ ಅಂದಿನ ಬ್ರಿಟನ್ ರಾಜಕುಮಾರ ಚಾರ್ಲ್ಸ್ ಭೇಟಿಯಿಂದ ಬಲ ಬಂತು. ಇಂದು ಪ್ರವಾಸಿಗಳು ಫೋಟೋ ತೆಗೆಯುವ ಓಣಿಗಳು ಹೀಗೆ ಉಳಿದುಕೊಂಡವು.

ಭಾರತಕ್ಕೆ ಹೋಗುವವರ ತಂಗುದಾಣ

1929ರ ಜಾಗತಿಕ ಆರ್ಥಿಕ ಕುಸಿತ, ಅದೇ ಹೊತ್ತಿಗೆ ಮಾರುಕಟ್ಟೆ ತುಂಬಿದ ಜಪಾನಿನ ಸಾಕು ಮುತ್ತು, ಇವೆರಡೂ ಸೇರಿ ಕೊಲ್ಲಿಯ ಮುತ್ತಿನ ಕಸುಬನ್ನು ಮುರಿದವು. ಬೇಸಿಗೆಯ ದುಡಿಮೆಯೇ ಹೋಯಿತು. ಆ ಕರಾವಳಿಯ ಪಾಲಿಗೆ 1930, 40ರ ದಶಕಗಳು ಹಸಿವಿನ ವರ್ಷಗಳು.

ಆ ಭಾಗಕ್ಕೆ ಹೋಟೆಲ್ ಎಂಬುದು ಬಂದದ್ದೂ ಇದೇ ಕಾಲದಲ್ಲಿ. ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಭಾರತಕ್ಕೆ ವಿಮಾನ ಹಾರಿಸುತ್ತಿತ್ತು. ಆಗಿನ ವಿಮಾನಗಳು ರಾತ್ರಿ ಇಳಿದು ತಂಗಬೇಕು. 1932ರಲ್ಲಿ ದುಬೈಯ ನೆರೆಯ ಶಾರ್ಜಾದಲ್ಲಿ ಕೋಟೆಯಂಥ ಗೋಡೆಗಳ ತಂಗುದಾಣವೊಂದು ಎದ್ದಿತು. ಅಲ್ಲಿ ಮಲಗಿದವರಿಗೆ ಆ ಊರು ನೋಡುವ ಉದ್ದೇಶವೇನೂ ಇರಲಿಲ್ಲ, ಬೆಳಗಾದರೆ ಭಾರತದ ಕಡೆಗೆ ಹಾರುವವರು ಅವರು. 1937ರಿಂದ ದುಬೈಯ ಖೋರ್‌ನಲ್ಲೂ ನೀರಿನ ಮೇಲೆ ಇಳಿಯುವ ವಿಮಾನಗಳು ಬರತೊಡಗಿದವು.

ಆ ದಿನಗಳಲ್ಲಿ ದುಬೈಗೆ ಭಾರತ ವಿದೇಶ ಎನ್ನಿಸುವಷ್ಟು ದೂರ ಇರಲಿಲ್ಲ. 1909ರಲ್ಲಿ ತೆರೆದ ಅಲ್ಲಿನ ಅಂಚೆ ಕಚೇರಿ ಭಾರತದ ಅಂಚೆ ವ್ಯವಸ್ಥೆಯ ಭಾಗ. ಕಾಗದಕ್ಕೆ ಭಾರತದ ಸ್ಟಾಂಪೇ. ಸಂತೆಯಲ್ಲಿ ಓಡುತ್ತಿದ್ದದ್ದು ಭಾರತದ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತು. 1966ರಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ದುಬೈ ಅದನ್ನು ಬಿಟ್ಟಿತು. ಮುಂಬಯಿಯಿಂದ ಬರುವ ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗುಗಳು ದುಬೈಯ ಹೊರಗೆ ಲಂಗರು ಹಾಕಿ, ಪ್ರಯಾಣಿಕರು ಸಣ್ಣ ದೋಣಿಗಿಳಿದು ದಡ ಸೇರುತ್ತಿದ್ದರು. ನಮ್ಮ ಊರುಗಳ ಅಜ್ಜಂದಿರು 'ಪರ್ಷಿಯಾಕ್ಕೆ ಹೋದ' ಎಂದು ಹೇಳುವ ಕಾಲದ ದಾರಿ ಅದು: ಊರಿನಿಂದ ಮುಂಬಯಿ, ಮುಂಬಯಿಯಿಂದ ಹಡಗು.

ಕರೆಂಟು, ನೀರು, ವಿಮಾನ

1959ರಿಂದ ಶೇಖ್ ರಶೀದ್ ಆಡಳಿತದಲ್ಲಿ ಖೋರ್‌ನ ಹೂಳೆತ್ತುವ ಕೆಲಸ ನಡೆಯಿತು. 1960ರಲ್ಲಿ ಗಟ್ಟಿಮಾಡಿದ ಮರಳಿನ ರನ್‌ವೇ ಇರುವ ವಿಮಾನ ನಿಲ್ದಾಣ ಬಂತು. 1961ರಲ್ಲಿ ಊರಿಗೆ ಕರೆಂಟು ಬಂತು. 1966ರಲ್ಲಿ ಕಡಲಿನಲ್ಲಿ ತೈಲ ಸಿಕ್ಕಿತು, 1969ರಲ್ಲಿ ಮೊದಲ ಹಡಗು ತೈಲ ಹೊತ್ತು ಹೊರಟಿತು.

ಈ ಸಾಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ತೈಲ. ಬೇಸಿಗೆಯ ಕಥೆಗೆ ಮಾತ್ರ 1961ರ ಕರೆಂಟೇ ದೊಡ್ಡದು. ಕರೆಂಟಿನ ಜೊತೆ ಫ್ಯಾನು, ಫ್ಯಾನಿನ ಹಿಂದೆ ಎಸಿ, ಆಮೇಲೆ ಕಡಲ ನೀರನ್ನು ಸಿಹಿ ಮಾಡುವ ಘಟಕಗಳು. ಇವು ಬಂದ ಮೇಲೆ ವರ್ಷದ ಹನ್ನೆರಡು ತಿಂಗಳೂ ಊರಿನಲ್ಲೇ ಇರಬಹುದು ಎಂದಾಯಿತು. ತೋಟಕ್ಕೆ ಹೋಗುವ ಒಂಟೆಗಳ ಸಾಲು ನಿಂತಿತು. ಉಳ್ಳವರು ಬೇಸಿಗೆಗೆ ಲಂಡನ್, ಲೆಬನಾನ್ ಎಂದು ವಿಮಾನ ಹತ್ತತೊಡಗಿದರು. ಊರು ಬಿಡುವ ರೂಢಿ ಹಾಗೇ ಉಳಿಯಿತು, ದೂರ ಮಾತ್ರ ಹೆಚ್ಚಿತು.

ಹೋಟೆಲುಗಳೂ ಬಂದವು. 1975ರಲ್ಲಿ ಖೋರ್ ದಡದಲ್ಲಿ ಇಂಟರ್‌ಕಾಂಟಿನೆಂಟಲ್, 1978ರಲ್ಲಿ ಶೆರಾಟನ್. ಮಲಗುತ್ತಿದ್ದವರು ಹೆಚ್ಚಾಗಿ ವ್ಯಾಪಾರಿಗಳು, ಎಂಜಿನಿಯರುಗಳು, ಬ್ಯಾಂಕಿನವರು. ಬೇಸಿಗೆಯಲ್ಲಿ ಅವರ ಓಡಾಟವೂ ಕಡಿಮೆ. 1985ರ ಅಕ್ಟೋಬರಿನಲ್ಲಿ ಎಮಿರೇಟ್ಸ್ ವಿಮಾನ ಸಂಸ್ಥೆ ಬಾಡಿಗೆ ವಿಮಾನಗಳೊಂದಿಗೆ ಹಾರಾಟ ಶುರುಮಾಡಿತು. ಮೊದಲು ಹೋದ ಊರುಗಳಲ್ಲಿ ಕರಾಚಿ, ಮುಂಬಯಿ ಇದ್ದವು. ವಿಮಾನ ಇದೆ, ಕೋಣೆ ಇದೆ, ಎಸಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಜನ ಮಾತ್ರ ಇಲ್ಲ.

ಹಳದಿ ಬೊಂಬೆ

ದುಬೈಯ ತೈಲ ನೆರೆಯ ಅಬುಧಾಬಿಯಷ್ಟು ದೊಡ್ಡದಲ್ಲ. 1990ರ ದಶಕದ ಆರಂಭದಲ್ಲಿ ತುತ್ತತುದಿ ಮುಟ್ಟಿ ಇಳಿಯತೊಡಗಿತು. ಇಳಿಯುತ್ತದೆಂದು ಆಡಳಿತಕ್ಕೆ ಮೊದಲೇ ಗೊತ್ತಿತ್ತು. 1996ರಲ್ಲಿ ಚಳಿಗಾಲದ ಶಾಪಿಂಗ್ ಫೆಸ್ಟಿವಲ್ ಆರಂಭವಾಯಿತು. 1997ರಲ್ಲಿ ಪ್ರವಾಸೋದ್ಯಮಕ್ಕೆಂದೇ ಹೊಸ ಇಲಾಖೆ ಬಂತು. 1998ರಲ್ಲಿ, ಯಾರೂ ಬಾರದ ತಿಂಗಳುಗಳಿಗೆಂದೇ, 'ದುಬೈ ಸಮ್ಮರ್ ಸರ್‌ಪ್ರೈಸಸ್' ಎಂಬ ಬೇಸಿಗೆ ಉತ್ಸವ.

ಉಪಾಯ ಸರಳ. ಬಿಸಿಲನ್ನು ಕಡಿಮೆ ಮಾಡಲಾಗದು, ಆದ್ದರಿಂದ ಊರನ್ನೇ ಒಳಗೆ ತರುವುದು. ಮಾಲ್‌ಗಳಲ್ಲಿ ರಿಯಾಯಿತಿ, ಲಾಟರಿಯಲ್ಲಿ ಕಾರು ಮತ್ತು ಚಿನ್ನ, ಮಕ್ಕಳಿಗೆ ಆಟ, ಹೋಟೆಲುಗಳಲ್ಲಿ ಮಕ್ಕಳಿಗೆ ಉಚಿತ ವಾಸ. ಉತ್ಸವದ ಗುರುತಾಗಿ ಸ್ಪ್ರಿಂಗಿನಂತೆ ಬಳುಕುವ ಹಳದಿ ಬೊಂಬೆ ಮೊದೇಶ್ ಬಂದ; ಅರಬ್ಬಿಯಲ್ಲಿ ಆ ಹೆಸರಿಗೆ ಬೆರಗು ಹುಟ್ಟಿಸುವವನು ಎಂಬ ಅರ್ಥ. ಕೊಲ್ಲಿಯಲ್ಲಿ ಬೆಳೆದ ನಮ್ಮ ಊರಿನ ಎಷ್ಟೋ ಮಕ್ಕಳ ಹಳೆಯ ಆಲ್ಬಮ್ಮಿನಲ್ಲಿ ಈ ಬೊಂಬೆಯ ಪಕ್ಕ ನಿಂತ ಫೋಟೋ ಸಿಗುತ್ತದೆ.

ಮೊದಲು ಬಂದವರಲ್ಲಿ ಸೌದಿ, ಕುವೈತ್, ಕತಾರ್ ಕಡೆಯ ಕುಟುಂಬಗಳು ಮುಖ್ಯ. ಅವರ ಊರಿನಲ್ಲೂ ಅದೇ ಬಿಸಿಲು, ಮಕ್ಕಳಿಗೆ ಅದೇ ರಜೆ. ಆಮೇಲೆ ಭಾರತದ ಮಧ್ಯಮ ವರ್ಗ ಸೇರಿತು. 2005ರಲ್ಲಿ ಮಾಲ್ ಆಫ್ ದಿ ಎಮಿರೇಟ್ಸ್‌ನ ಒಳಗೆ 22,500 ಚದರ ಮೀಟರಿನ ಹಿಮದ ಇಳಿಜಾರು, ಸ್ಕೀ ದುಬೈ, ತೆರೆಯಿತು. ಹೊರಗೆ ನಲವತ್ತೈದು ಡಿಗ್ರಿ, ಒಳಗೆ ಸೊನ್ನೆಗಿಂತ ಕೆಳಗೆ. 2008ರಲ್ಲಿ ದುಬೈ ಮಾಲ್, 2009ರಲ್ಲಿ ಎಸಿ ಮೆಟ್ರೋ. 2012ರಿಂದ ಕೆಲವು ವರ್ಷ ರಂಜಾನ್ ಉಪವಾಸ ಜೂನ್, ಜುಲೈಯಲ್ಲೇ ಬಂದಾಗ ಉತ್ಸವದ ದಿನಗಳನ್ನು ಹಿಂದೆ ಮುಂದೆ ಮಾಡಿ, ಈದ್ ರಜೆಯನ್ನೂ ಮಾರುವ ದಾರಿ ಕಂಡುಕೊಂಡರು.

ಹೊರಡುವ ಕಾಲವನ್ನು ಬರುವ ಕಾಲವಾಗಿ ತಿರುಗಿಸಿದ ಬುದ್ಧಿವಂತಿಕೆಯನ್ನು ನಾವು ಮೆಚ್ಚುತ್ತೇವೆ. ಜೂನ್ ಬಂದರೆ ಬಾಗಿಲು ಹಾಕುವ ನಮ್ಮ ಕರಾವಳಿಯ ಎಷ್ಟೋ ಬೀಚ್ ರೆಸಾರ್ಟುಗಳು ಇದರಿಂದ ಕಲಿಯುವುದಿದೆ. ಮಳೆಯನ್ನು ನೋಡಲೆಂದೇ ಜನ ಬರುತ್ತಾರೆ ಎಂದು ಈಗೀಗ ನಮ್ಮವರಿಗೂ ಹೊಳೆಯುತ್ತಿದೆ.

ಅಗ್ಗದ ಕೋಣೆ, ದುಬಾರಿ ಟಿಕೆಟ್

ಈಗ ಅಣ್ಣನ ಮಾತಿಗೆ ಬರೋಣ. ಎಮಿರೇಟ್ಸ್‌ನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಭಾರತದ ಸಿಲೆಬಸ್ ಇರುವ ಶಾಲೆಗಳಲ್ಲಿ ಏಪ್ರಿಲ್‌ನಲ್ಲಿ ಹೊಸ ವರ್ಷ ಶುರುವಾದರೂ ದೊಡ್ಡ ರಜೆ ಆಗಲೇ. ಜೂನ್ ಕೊನೆಗೆ ಲಕ್ಷಾಂತರ ಜನ ಒಟ್ಟಿಗೆ ಊರಿಗೆ ಹೊರಡುತ್ತಾರೆ, ಆಗಸ್ಟ್ ಕೊನೆಗೆ ಒಟ್ಟಿಗೆ ಮರಳುತ್ತಾರೆ. ಸೀಟು ಕಡಿಮೆ, ಜನ ಹೆಚ್ಚು, ಟಿಕೆಟ್ ದುಬಾರಿ. ಊರು ಖಾಲಿ, ಬಿಸಿಲು ಜೋರು, ಕೋಣೆ ಅಗ್ಗ. ಎರಡಕ್ಕೂ ಮೂಲ ಒಂದೇ. ಗಿರಾಕಿ ಕಡಿಮೆ ಇರುವ ಈ ತಿಂಗಳುಗಳಲ್ಲೇ ಹಲವು ಹೋಟೆಲುಗಳು ನೌಕರರಿಗೆ ವಾರ್ಷಿಕ ರಜೆ ತೆಗೆದುಕೊಳ್ಳಲು ಹೇಳುತ್ತವೆ. ಟಿಕೆಟ್ ಅಗ್ಗವಾಗುವ ಅಕ್ಟೋಬರಿನಲ್ಲಿ ಕೋಣೆಗಳು ತುಂಬಿರುತ್ತವೆ, ಆಗ ರಜೆ ಕೇಳುವಂತಿಲ್ಲ.

ಇದರಿಂದ ಒಂದು ವಿಚಿತ್ರ ಆಗಿದೆ. ಕೊಲ್ಲಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಊರು ಎಂದರೆ ಮಳೆ. ಅವರು ನೋಡುವುದು ಆಟಿ ತಿಂಗಳ ಊರನ್ನು: ನೀರು ತುಂಬಿದ ಗದ್ದೆ, ಪತ್ರೊಡೆ, ಕರೆಂಟಿಲ್ಲದ ರಾತ್ರಿ. ಮೇ ತಿಂಗಳ ಗೇರುಹಣ್ಣು, ಹಲಸು, ಯಕ್ಷಗಾನ, ನೇಮ, ಮದುವೆ, ಇವೆಲ್ಲ ಅವರಿಗೆ ಫೋನಿನಲ್ಲಿ ಕೇಳಿದ ಸಂಗತಿ. ಮೇಯಲ್ಲಿ ರಜೆ ಸಿಕ್ಕ ಅಪ್ಪಂದಿರು ಒಬ್ಬರೇ ಬಂದು ಮದುವೆ ಮುಗಿಸಿ ಹೋಗುತ್ತಾರೆ.

ಮಂಗಳೂರಿನಿಂದ ನೇರ ದುಬೈಗೆ ವಿಮಾನ ಶುರುವಾದದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ರಾತ್ರಿ ಬಸ್ಸಿನಲ್ಲಿ ಮುಂಬಯಿ, ಇಲ್ಲವೇ ಕೇರಳದ ನಿಲ್ದಾಣಗಳು. ನೇರ ವಿಮಾನ ಬಂದ ಮೇಲೆ ದುಬೈ ಬೆಂಗಳೂರಿಗಿಂತ ಹತ್ತಿರ ಎಂದು ಜನ ತಮಾಷೆ ಮಾಡುತ್ತಿದ್ದರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಜನ ಹೋದರು, ಎಂಟು ಜನ ಉಳಿದರು. ರಜೆಗೆ, ಮದುವೆಗೆ, ಕಾಯಿಲೆಯ ಅಮ್ಮನನ್ನು ನೋಡಲು ಇದೇ ದಾರಿಯಲ್ಲಿ ನಮ್ಮ ಜನ ಬರುತ್ತಾರೆ. ನಮ್ಮ ಕರಾವಳಿಯಲ್ಲಿ 'ಬೇಸಿಗೆ ಪ್ರಯಾಣ' ಎಂಬ ಮಾತಿಗೆ ಆ ಬೆಳಗಿನ ನೆನಪೂ ಸೇರಿಕೊಂಡಿದೆ.

ಇನ್ನು ರಜೆ ಇಲ್ಲದೆ ಅಲ್ಲೇ ಉಳಿಯುವವರು. 2005ರಿಂದ ಎಮಿರೇಟ್ಸ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಬಯಲಿನ ಕೆಲಸಕ್ಕೆ ನಿಷೇಧ ಇದೆ. ಈಗಿನ ನಿಯಮದಂತೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಈ ದಿನಾಂಕಗಳನ್ನು ನೋಡಿದಾಗ ನಾವು ಒಂದು ಕ್ಷಣ ನಿಂತೆವು. ಹೆಚ್ಚುಕಡಿಮೆ ಮುತ್ತಿನ ದೋಣಿಗಳು ಕಡಲಲ್ಲಿರುತ್ತಿದ್ದ ತಿಂಗಳುಗಳೇ ಅವು. ಮೂರು ಗಂಟೆಯ ನಂತರ ಬಿಸಿಲು ಇರುತ್ತದೆ, ಕೆಲಸವೂ ಇರುತ್ತದೆ. ಮಾಲ್‌ನಿಂದ ಹೊರಗೆ ಬರಲು ಒಲ್ಲದ ಪ್ರವಾಸಿಗೆ ಊಟ ತರುವ ಹುಡುಗ ಬೈಕಿನ ಮೇಲೆ ಇರುತ್ತಾನೆ. ಅವನಂಥವರಿಗೆಂದು ಈಚೆಗೆ ಎಸಿ ಇರುವ ವಿಶ್ರಾಂತಿ ಕೋಣೆಗಳನ್ನು ದುಬೈ ಆಡಳಿತ ಕಟ್ಟಿಸುತ್ತಿದೆ, ಒಳ್ಳೆಯದೇ.

ಬೇಸಿಗೆಗೆ ಹೋಗುವವರಿಗೆ

ಹಾಗಾದರೆ ಹೋಗಬಾರದೇ? ಹೋಗಿ. ಮಗನೋ ಮಗಳೋ ಅಲ್ಲಿದ್ದರೆ ಖಂಡಿತ ಹೋಗಿ. ಹೋದವರನ್ನು ಕೇಳಿ, ನಿಯಮ ನೋಡಿ ನಾವು ಒಟ್ಟುಮಾಡಿದ ಮಾತುಗಳು ಇಷ್ಟು.

ತಿಂಗಳು ಆರಿಸುವುದು ಮುಖ್ಯ. ಜನದಟ್ಟಣೆಯ ದಿಕ್ಕು ನೆನಪಿಡಿ. ಜುಲೈ ಮೊದಲಲ್ಲಿ ಜನ ದುಬೈಯಿಂದ ಈಚೆ ಬರುತ್ತಾರೆ, ಆಗ ಇಲ್ಲಿಂದ ಆಚೆ ಹೋಗುವ ಸೀಟಿಗೆ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಆಗಸ್ಟ್ ಕೊನೆಗೆ ಇದು ತಿರುಗುಮುರುಗು. ಹಾಗಾಗಿ ಜುಲೈಯಲ್ಲಿ ಹೋಗಿ ಆಗಸ್ಟ್ ಮಧ್ಯದೊಳಗೆ ಮರಳುವವರು ಗೆಲ್ಲುತ್ತಾರೆ.

ಪೋಸ್ಟರಿನ ದರ ಪೂರ್ತಿ ದರವಲ್ಲ. ಸಾಮಾನ್ಯವಾಗಿ ಹೋಟೆಲ್ ಬಿಲ್ಲಿಗೆ ಶೇಕಡಾ 10 ಸೇವಾ ಶುಲ್ಕ, ಶೇಕಡಾ 7 ನಗರಸಭೆ ಶುಲ್ಕ, 2018ರಿಂದ ಶೇಕಡಾ 5 ವ್ಯಾಟ್ ಸೇರುತ್ತದೆ. ಜೊತೆಗೆ 2014ರಿಂದ ಹೋಟೆಲಿನ ದರ್ಜೆಗೆ ತಕ್ಕಂತೆ ಕೋಣೆಗೆ ದಿನಕ್ಕೆ 7ರಿಂದ 20 ದಿರ್ಹಮ್ 'ಟೂರಿಸಂ ದಿರ್ಹಮ್'. 200 ದಿರ್ಹಮ್ ಎಂದು ಕಂಡ ನಾಲ್ಕು ಸ್ಟಾರ್ ಕೋಣೆಗೆ ಕೊನೆಗೆ 260ರ ಹತ್ತಿರ ಆಗಬಹುದು. ಬುಕ್ ಮಾಡುವ ಮೊದಲು ಎಲ್ಲ ಸೇರಿ ಎಷ್ಟು ಎಂದು ಕೇಳಿ. ದೇರಾ, ಬರ್ ದುಬೈ, ಕರಾಮದಲ್ಲಿ ಮೆಟ್ರೋ ಹತ್ತಿರದ ಸಾದಾ ಹೋಟೆಲ್ ಹಿಡಿದರೆ ಟ್ಯಾಕ್ಸಿ ಖರ್ಚು ಉಳಿಯುತ್ತದೆ. ಇಡ್ಲಿ, ದೋಸೆ, ಬೆಳಗಿನ ಕಾಫಿಗೂ ಪರದಾಡಬೇಕಿಲ್ಲ.

ಬಯಲಿನ ಜಾಗಗಳನ್ನು ಪಟ್ಟಿಯಿಂದ ತೆಗೆಯಿರಿ. ಗ್ಲೋಬಲ್ ವಿಲೇಜ್, ಮಿರಾಕಲ್ ಗಾರ್ಡನ್ ಕಡುಬೇಸಿಗೆಯಲ್ಲಿ ಮುಚ್ಚಿರುತ್ತವೆ. ಪ್ಯಾಕೇಜಿನಲ್ಲಿ ಅವುಗಳ ಹೆಸರಿದ್ದರೆ ಆ ಏಜೆಂಟರ ಉಳಿದ ಮಾತನ್ನೂ ಸ್ವಲ್ಪ ಪರೀಕ್ಷಿಸಿ. ಕಡಲಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ. ನೀರೂ ಬಿಸಿ ಇರುತ್ತದೆ, ತಂಪಾಗುತ್ತದೆಂದು ಇಳಿಯಬೇಡಿ.

ಬ್ಯಾಗಿನ ವಿಷಯ ಹಿರಿಯರು ಗಮನಿಸಬೇಕು. ಮಗನಿಗೆ ಪಾಯಸ ಮಾಡಿಕೊಡಲೆಂದು ಗಸಗಸೆ ಒಯ್ಯಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿದೆ, ಜೈಲಿನವರೆಗೂ ಹೋಗಬಹುದು. ಎಲೆ ಅಡಿಕೆಯ ಚೀಲವನ್ನೂ ಮನೆಯಲ್ಲೇ ಬಿಡಿ. ಕೆಲವು ನೋವಿನ, ಕೆಮ್ಮಿನ, ನಿದ್ದೆಯ ಔಷಧಿಗಳಿಗೆ ಮೊದಲೇ ಅನುಮತಿ ಬೇಕು. ಡಾಕ್ಟರ ಚೀಟಿ ಇಟ್ಟುಕೊಳ್ಳಿ, ಮಾತ್ರೆಗಳನ್ನು ಮೂಲ ಪ್ಯಾಕಿನಲ್ಲೇ ಒಯ್ಯಿರಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಮೆಟ್ರೋದೊಳಗೆ ತಿಂದರೆ ದಂಡ. ಅಂಗಡಿಯಲ್ಲಿ 250 ದಿರ್ಹಮ್‌ಗಿಂತ ಹೆಚ್ಚಿನ ಖರೀದಿಗೆ ಪ್ರವಾಸಿ ವ್ಯಾಟ್ ವಾಪಸ್ ಇದೆಯೇ ಎಂದು ಬಿಲ್ಲು ಮಾಡಿಸುವಾಗಲೇ ಕೇಳಿ.

ಒಂದು ಸಂಜೆಯನ್ನು ಮಾಲ್‌ನಿಂದ ಉಳಿಸಿ. ಬಿಸಿಲಿಳಿದ ಮೇಲೆ ಬರ್ ದುಬೈಯ ಅಲ್ ಫಾಹಿದಿ ಓಣಿಗಳಲ್ಲಿ ನಡೆದು, ಬರ್ಜೀಲ್ ಗೋಪುರದ ಕೆಳಗೆ ನಿಂತು ತಲೆಯ ಮೇಲೆ ಗಾಳಿ ಇಳಿಯುತ್ತದೆಯೇ ನೋಡಿ. ಅಲ್ಲಿಂದ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಖೋರ್ ದಾಟಿ ದೇರಾಕ್ಕೆ ಹೋಗಿ. ಆ ನೀರಿನಿಂದಲೇ ಮುತ್ತಿನ ದೋಣಿಗಳು ಹೊರಡುತ್ತಿದ್ದವು. ಕಟ್ಟೆಯ ಬದಿಯಲ್ಲಿ ಮರದ ಸರಕು ಹಡಗುಗಳು ಇಂದಿಗೂ ಸಾಲಾಗಿ ನಿಂತಿರುತ್ತವೆ, ಮಂಗಳೂರಿನ ಹಳೆ ಬಂದರಿನ ಮಂಜಿಗಳನ್ನು ನೋಡಿದವರಿಗೆ ಪರಿಚಯದ ದೃಶ್ಯ.

ಕೊನೆಗೆ ಒಂದು ವಿನಂತಿ. ಹೋಟೆಲಿನಲ್ಲಿ ಬೆಳಿಗ್ಗೆ ಹಾಸಿಗೆ ಸರಿಮಾಡಲು ಬರುವವರ ಬಳಿ ಯಾವ ಊರು ಎಂದು ಕೇಳಿ. ಕುಂದಾಪುರ, ಬಂಟ್ವಾಳ, ಶಿರಸಿ ಎಂದು ಉತ್ತರ ಬಂದರೆ ಅಚ್ಚರಿಪಡಬೇಡಿ. ಬೇರೆ ದೇಶದವರಾದರೂ ಅವರಿಗೂ ಒಂದು ಊರು ಇರುತ್ತದೆ, ಅಲ್ಲಿಗೆ ಹೋಗುವ ಟಿಕೆಟ್ಟಿಗೆ ಅವರೂ ದರ ನೋಡುತ್ತಿರುತ್ತಾರೆ.

ನಮ್ಮವರ ಅಣ್ಣ ಈ ಸಲ ಜುಲೈಯಲ್ಲಿ ಬರುತ್ತಿಲ್ಲ. ಅಪ್ಪ ಅಮ್ಮನಿಗೆ ಪಾಸ್‌ಪೋರ್ಟ್ ಮಾಡಿಸಲು ಹೇಳಿದ್ದಾರೆ. ಅವರಿಬ್ಬರೂ ಮೊದಲ ಸಲ ವಿಮಾನ ಹತ್ತುವುದು ಅಲ್ಲಿಯ ಕಡುಬೇಸಿಗೆಯಲ್ಲಿ, ಇಲ್ಲಿಯ ಕಡುಮಳೆಯಲ್ಲಿ. ಅಮ್ಮ ಈಗಲೇ ಉಪ್ಪಿನಕಾಯಿ ಹಾಕಿ ಇಟ್ಟಿದ್ದಾರೆ. ಗಸಗಸೆಯ ವಿಷಯ ನಾವು ಹೇಳಿದ್ದೇವೆ.